ಸ್ಯಾನ್ ಫ್ರಾನ್ಸಿಸ್ಕೊ ಟಿಕೆಟ್: ಉಡುಪಿಯ ಒಂದು ಸಣ್ಣ ಆಫೀಸಿನ ಬಗ್ಗೆ

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಡುವವರು ಉಡುಪಿ-ಮಣಿಪಾಲದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ನಾನು ಟಿಕೆಟ್ ಮಾಡಿಸಿದ್ದು ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರ, ಮಹಡಿ ಮೇಲಿನ ಆಫೀಸಿನಲ್ಲಿ. ಎರಡು ಕುರ್ಚಿ, ಒಂದು ಕಂಪ್ಯೂಟರ್, ಒಬ್ಬ ಹುಡುಗ. ಎ.ಸಿ. ಇಲ್ಲ.

ನನ್ನ ಮನಸ್ಸಿನಲ್ಲಿದ್ದದ್ದು ಬಜ್ಪೆ, ಅಂದರೆ ಮಂಗಳೂರು ವಿಮಾನ ನಿಲ್ದಾಣದಿಂದ ಹೊರಟು ದುಬೈಯಲ್ಲಿ ವಿಮಾನ ಬದಲಿಸುವುದು; ಹುಡುಗ ಹೇಳಿದ್ದು ಬೆಂಗಳೂರಿನಿಂದ ಹೊರಡಿ ಎಂದು. ಮುಲ್ಕಿ, ಕಿನ್ನಿಗೋಳಿ, ಕಟೀಲು ದಾಟಿದರೆ ಆಯಿತು. ಅಲ್ಲಿಂದ ದುಬೈಗೆ ಸುಮಾರು 2,460 ಕಿ.ಮೀ.; ಬೆಂಗಳೂರಿನಿಂದ 2,700. ಹತ್ತಿರದ್ದು ಬಿಟ್ಟು ಘಟ್ಟ ಹತ್ತಿ, ಮತ್ತೆ ಇದೇ ಅರಬ್ಬಿ ಸಮುದ್ರ ದಾಟುವುದು ಯಾವ ನ್ಯಾಯ ಮಾರಾಯ್ರೆ?

"ಅಮ್ಮ, ನೀವು ಕಿಲೋಮೀಟರ್ ನೋಡ್ಬೇಡಿ, ಪೆಟ್ಟಿಗೆ ಎಲ್ಲಿ ಇಳೀತದೆ ನೋಡಿ" ಎಂದ ಹುಡುಗ.

ಬಜ್ಪೆಯಿಂದ ಒಂದು ಕಂಪನಿ, ದುಬೈಯಿಂದ ಇನ್ನೊಂದು ಎಂದು ಬೇರೆ ಬೇರೆ ಟಿಕೆಟ್ ತೆಗೆದರೆ, ದುಬೈಯಲ್ಲಿ ವೀಸಾ ಮಾಡಿಸಿ ಹೊರಬಂದು, ಪೆಟ್ಟಿಗೆ ಎಳೆದುಕೊಂಡು ಪುನಃ ಚೆಕ್-ಇನ್ ಮಾಡಬೇಕು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರಿಲ್ಲ. ಒಂದೇ ಟಿಕೆಟ್ ಆದರೆ ಬೆಂಗಳೂರಿನಲ್ಲಿ ಕೊಟ್ಟದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಕೈಗೆ. ಹಲಸಿನ ಹಪ್ಪಳ, ಬಾಣಂತಿ ಲೇಹ್ಯ ಕಟ್ಟಿಕೊಂಡು ಹೋಗುವ ನನ್ನಂಥವಳಿಗೆ ಅಷ್ಟು ಸಾಕು.

ಹೊತ್ತಿನ ಲೆಕ್ಕವನ್ನಂತೂ ಅವನ ಹಾಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹಳೇ ಪ್ರಿಂಟೌಟಿನ ಹಿಂಬದಿಯಲ್ಲಿ ಮೂರು ಗೆರೆ ಎಳೆದು ಊರೂರಿನ ಗಡಿಯಾರ ಬರೆದ. ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಸಮಯ. ದುಬೈಯಿಂದ ಬೆಳಿಗ್ಗೆ ಹೊರಟು ಅದೇ ದಿನ ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೊ. ನೋಡಿದರೆ ನಾಲ್ಕೈದು ಗಂಟೆ ಅನಿಸುತ್ತದೆ, ಕೂರುವುದು ಮಾತ್ರ ಹತ್ತಿರ ಹತ್ತಿರ 16 ಗಂಟೆ, 13,000 ಕಿ.ಮೀ. ಬೇಸಿಗೆಯಲ್ಲಿ ಆ ಊರು ದುಬೈಗಿಂತ 11 ಗಂಟೆ ಹಿಂದೆ, ನಮಗಿಂತ ಹನ್ನೆರಡೂವರೆ ಗಂಟೆ. ದುಬೈ, ಸ್ಯಾನ್ ಫ್ರಾನ್ಸಿಸ್ಕೊ ಎರಡರ ರೇಖಾಂಶ ಹೆಚ್ಚುಕಡಿಮೆ ಎದುರುಬದುರು, ಹಾಗಾಗಿ ಹತ್ತಿರದ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹೋಗುತ್ತದೆ. ನಾನು ಹೋದದ್ದು ಜೂನ್‌ನಲ್ಲಿ. ದಾರಿಯುದ್ದಕ್ಕೂ ಹಗಲು. ಮಲಗಲೆಂದು ಕಿಟಕಿ ಮುಚ್ಚಿಸಿದರು, ನನಗೆ ನಿದ್ದೆ ಬರಲಿಲ್ಲ ಬಿಡಿ.

ಮಳೆಗಾಲ ಆದ್ದರಿಂದ ಶಿರಾಡಿ ಘಾಟಿಯನ್ನು ನಂಬಬೇಡಿ, ಒಂದು ದಿನ ಮೊದಲೇ ಬೆಂಗಳೂರು ಸೇರಿ ಎಂದಿದ್ದ. ಟಿಕೆಟ್ ಮಾರುವವನಿಗೆ ಇದನ್ನು ಹೇಳಬೇಕೆಂದೇನೂ ಇರಲಿಲ್ಲ.

ಇನ್ನು ದೂರು. ಸರ್ವಿಸ್ ಚಾರ್ಜ್ ವಿಷಯ ಬಾಯಿಬಿಟ್ಟದ್ದು ಎಲ್ಲ ಮುಗಿದ ಮೇಲೆ. ಓಡಾಡುವ ಜಾಗದ ಪಕ್ಕದ ಸೀಟಿಗೆ ಬೇರೆ ದುಡ್ಡು ಎಂಬುದೂ ಹಾಗೆಯೇ. ಮಂಡಿನೋವಿನವರು ಮೊದಲೇ ಕೇಳಿ, ವೀಲ್‌ಚೇರ್ ಕೂಡ ಆಗಲೇ ಬರೆಸಿ, ಅದಕ್ಕೆ ದುಡ್ಡಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಫೋನ್ ಎತ್ತುವುದಿಲ್ಲ, ಬೆಳಿಗ್ಗೆ ನೇರವಾಗಿ ಹೋಗಿ. ಪಾಸ್‌ಪೋರ್ಟಿನ ಜೆರಾಕ್ಸ್ ಕೆಳಗಿನ ಅಂಗಡಿಯಲ್ಲೇ ಮಾಡಿಸಿಕೊಳ್ಳಿ, ಮೇಲೆ ಮೆಷಿನ್ ಇಲ್ಲ.