ಖಾರದಪುಡಿ ಮಷಿನ್‌ಗೆ ಡಿಜಿಟಲ್ ಟ್ವಿನ್: ದುಡ್ಡು ವಸೂಲಾಗಿದ್ದು ಎಲ್ಲಿ?

ಬ್ಯಾಡಗಿಯಲ್ಲಿ ಖಾರದಪುಡಿ ಪ್ಯಾಕ್ ಮಾಡುವ ನಮ್ಮ ಘಟಕಕ್ಕೆ ಹೊಸ ಪೌಚ್ ಮಷಿನ್ ತರಿಸುವಾಗ ಅದರ ಜೊತೆ ಡಿಜಿಟಲ್ ಟ್ವಿನ್ (ಕಂಪ್ಯೂಟರಿನಲ್ಲಿ ಮಷಿನ್ನಿನಂತೆಯೇ ಓಡುವ ಅದರ ಪ್ರತಿರೂಪ), ಎಆರ್ ಸಪೋರ್ಟ್ (ಕ್ಯಾಮೆರಾದಲ್ಲಿ ಕಾಣುವ ಮಷಿನ್ ಮೇಲೆಯೇ ಸೂಚನೆ ತೋರಿಸುವ ವ್ಯವಸ್ಥೆ) ಎರಡನ್ನೂ ಕೊಂಡೆವು. ಕಂಪನಿಯ ಹೆಸರು ಬೇಡ. ಇಂಥದ್ದನ್ನು ಮಾರುವವರು ಈಗ ಬಹಳ ಮಂದಿ. ಮೇಂಟೆನೆನ್ಸ್ ನೋಡಿಕೊಳ್ಳುವ ನನ್ನ ಲೆಕ್ಕದಲ್ಲಿ ಮೊದಲನೆಯದರ ದುಡ್ಡು ಪೂರ್ತಿ ವಸೂಲು, ಎರಡನೆಯದರದ್ದು ಅರ್ಧ.

ಟ್ವಿನ್ ಹೆಸರಿನಲ್ಲಿ ಬರೀ ತಿರುಗುವ 3ಡಿ ಚಿತ್ರ ತೋರಿಸಿ ಕಳಿಸುವವರೂ ಇದ್ದಾರೆ. ಇವರು ಹಾಗಲ್ಲ. ಒಂದು ತಗಡನ್ನೂ ಕತ್ತರಿಸುವ ಮೊದಲೇ, ಮಷಿನ್‌ಗೆ ಹಾಕಬೇಕಾದ ಪ್ರೋಗ್ರಾಮನ್ನೇ ಕಂಪ್ಯೂಟರಿನೊಳಗಿನ ಪಿಎಲ್‌ಸಿಯಲ್ಲಿ (ಮಷಿನ್ನನ್ನು ನಡೆಸುವ ನಿಯಂತ್ರಕದ ನಕಲು) ಓಡಿಸಿದರು. ಫಿಲ್ಮ್ ಎಳೆಯುವುದು, ಅಗರ್ ಸ್ಕ್ರೂ ತಿರುಗಿ ಪುಡಿ ಸುರಿಯುವುದು, ಜಾ (ಫಿಲ್ಮನ್ನು ಬಿಸಿಯಿಂದ ಒತ್ತಿ ಅಂಟಿಸುವ ದವಡೆ) ಮುಚ್ಚಿ ಸೀಲ್ ಹಾಕುವುದು, ಎಲ್ಲ ಪರದೆಯ ಮೇಲೆ. "ಜಾ ಮುಚ್ಚಿರುವಾಗಲೇ ಕರೆಂಟ್ ತೆಗೀರಿ" ಎಂದೆ. ತೆಗೆದರು. ಮತ್ತೆ ಕೊಟ್ಟಾಗ ಜಾ ಬಾಯಿ ಬಿಡುವ ಮೊದಲೇ ಫಿಲ್ಮ್ ಎಳೆಯುವ ಬೆಲ್ಟ್ ಓಡಿತು! ಅಸಲಿ ಮಷಿನ್ ಆಗಿದ್ದರೆ ಫಿಲ್ಮ್ ಹರಿದು, ಸುಟ್ಟ ಪ್ಲಾಸ್ಟಿಕ್ ಜಾದ ಹಲ್ಲುಗಳಿಗೆ ಅಂಟಿ, ಅದನ್ನು ಕೆರೆಯುತ್ತಾ ಕೂರಬೇಕಿತ್ತು. ಅಲ್ಲೇ ಪ್ರೋಗ್ರಾಮ್ ತಿದ್ದಿದರು. ಪದೇ ಪದೇ ಕರೆಂಟ್ ಹೋಗುವ ಊರಿನವರು ಈ ಪರೀಕ್ಷೆ ಮಾಡಿಸದೆ ಸಹಿ ಹಾಕಬೇಡಿ.

ನಮ್ಮ ಆಪರೇಟರನ್ನೂ ಜೊತೆಗೆ ಕೂಡಿಸಿಕೊಂಡಿದ್ದೆ. "ರೋಲ್ ಏರಸಾಕ ಹಿಂದ ಜಾಗಾನ ಇಲ್ಲಲ್ರೀ ಸರ" ಎಂದ. ನಮ್ಮ ಶೆಡ್ಡಿನ ಕಂಬ ಅವರ ಮಾದರಿಯಲ್ಲಿ ಇರಲೇ ಇಲ್ಲ. ಅಳತೆ ಕೊಟ್ಟ ಮೇಲೆ ರೋಲನ್ನು ಪಕ್ಕದಿಂದ ಏರಿಸುವಂತೆ ಸ್ಟ್ಯಾಂಡ್ ಬದಲಾಯಿತು.

ಪುಡಿಯ ಬುದ್ಧಿ ಮಾತ್ರ ಟ್ವಿನ್‌ಗೆ ಗೊತ್ತಿಲ್ಲ. ಪರದೆಯ ಮೇಲೆ ಅದು ನೆಟ್ಟಗೆ ಕೆಳಗೆ ಬೀಳುತ್ತದೆ. ಇಲ್ಲಿ ಉಜ್ಜಾಟದಿಂದ ಹುಟ್ಟುವ ಸ್ಥಿರ ವಿದ್ಯುತ್ತಿನಿಂದ (ಸ್ಟ್ಯಾಟಿಕ್) ಫಿಲ್ಮ್‌ಗೆ ಮೆತ್ತಿಕೊಂಡು, ಸೀಲ್ ಬೀಳುವ ಕಡೆಯೇ ಕೂತು, ಪೌಚ್ ಲೀಕ್. ಸ್ಟ್ಯಾಟಿಕ್ ತೆಗೆಯುವ ಬಾರ್ ಹಾಕಿಸಿ, ಅಗರ್ ನಿಂತ ಮೇಲೆ ಜಾ ಚೂರು ತಡವಾಗಿ ಮುಚ್ಚುವಂತೆ ಟೈಮರ್ ಬದಲಿಸಿ, ನಾವೇ ಸರಿಮಾಡಿಕೊಂಡೆವು.

ಇನ್ನು ಎಆರ್. ಮಷಿನ್ ಎದುರು ಟ್ಯಾಬ್ಲೆಟ್ ಹಿಡಿದರೆ ಎಲ್ಲಿ ಗ್ರೀಸ್ ಹಾಕಬೇಕು, ಯಾವ ಬೋಲ್ಟ್ ಸಡಿಲಿಸಬೇಕು ಎಂದು ಬಾಣ ತೋರಿಸುತ್ತದೆ. ಒಮ್ಮೆ ಐ-ಮಾರ್ಕ್ (ಎಲ್ಲಿ ಕತ್ತರಿಸಬೇಕೆಂದು ಸೆನ್ಸರ್‌ಗೆ ತಿಳಿಸುವ, ಫಿಲ್ಮ್ ಮೇಲಿನ ಗುರುತು) ತಪ್ಪಿ, ಪ್ರಿಂಟಿನ ನಡುವೆಯೇ ಪೌಚ್ ಕತ್ತರಿಸುತ್ತಿತ್ತು. ಅವರ ಎಂಜಿನಿಯರ್ ವಿಡಿಯೋ ಕಾಲ್‌ನಲ್ಲೇ ಸೆನ್ಸರ್ ಸುತ್ತ ಗೆರೆ ಎಳೆದು ತೋರಿಸಿದರು; ಚಹಾ ಆರುವಷ್ಟರಲ್ಲಿ ಕೆಲಸ ಮುಗಿಯಿತು. ಆದರೆ ಟ್ಯಾಬ್ಲೆಟ್ ಜಾಗ ಗುರುತಿಸಲೆಂದು ಮಷಿನ್‌ಗೆ ಅಂಟಿಸಿದ ಸ್ಟಿಕ್ಕರ್ ಮೇಲೆ ಖಾರದ ಧೂಳು ಕೂತರೆ ಬಾಣ ಬರುವುದೇ ಇಲ್ಲ. ತಗಡಿನ ಶೆಡ್ಡಿನೊಳಗೆ ನೆಟ್ ಸಿಗದೆ ಬೇರೆ ವೈಫೈ ಹಾಕಿಸಬೇಕಾಯಿತು. ಸೂಚನೆಗಳು ಇಂಗ್ಲಿಷ್, ಹಿಂದಿಯಲ್ಲಷ್ಟೇ.

ತಲೆಗೆ ಹಾಕುವ ಎಆರ್ ಕನ್ನಡಕವನ್ನೂ ಮಾರಲು ನೋಡಿದರು. ಅಂಥದ್ದೊಂದು, ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ 2, ತೂಗುವುದು 566 ಗ್ರಾಂ. ಮಾಸ್ಕ್ ಕಟ್ಟಿ, ಟೋಪಿ ಹಾಕಿ ಸೀನುತ್ತಿರುವ ನಮ್ಮವರಿಗೆ ಅದೊಂದು ಕಡಿಮೆಯಾಗಿತ್ತು! ಮೈಕ್ರೋಸಾಫ್ಟೇ 2024ರಲ್ಲಿ ಅದರ ತಯಾರಿಕೆ ನಿಲ್ಲಿಸಿದೆ. ಬೇಡವೆಂದೆವು.

ಕಿರಿಕಿರಿ ಇರುವುದು ಇನ್ನೊಂದು ಕಡೆ. ನಾವು ಸೆನ್ಸರ್ ಬ್ರಾಕೆಟ್ಟನ್ನು ಆಚೆ ಸರಿಸಿದ್ದೇವೆ, ಟ್ವಿನ್‌ನಲ್ಲಿ ಅದು ಹಳೇ ಜಾಗದಲ್ಲೇ ಇದೆ, ಬಾಣವೂ ಅಲ್ಲಿಗೇ ಹೋಗುತ್ತದೆ. ಮಾದರಿ ತಿದ್ದಲು ಬೇರೆ ದರವಂತೆ. ವಾರ್ಷಿಕ ಕಾಂಟ್ರಾಕ್ಟ್ ಈಗ ಮುಗಿಯಲು ಬಂದಿದೆ. ಆ ತಿದ್ದುಪಡಿ ದರದೊಳಗೇ ಸೇರಬೇಕು, ಸೂಚನೆಗಳು ಕನ್ನಡದಲ್ಲಿ ಬರಬೇಕು. ಎರಡನ್ನೂ ಬರೆದು ಕೊಟ್ಟ ಮೇಲೆಯೇ ಚೆಕ್ ಎಂದು ಹೇಳಿ ಕಳಿಸಿದ್ದೇವೆ.