ಗಣಿತದ ಸಾಧನೆ (ಪ್ರೂಫ್) ಕಲಿಸಲು ಮೂರು ಆನ್‌ಲೈನ್ ದಾರಿಗಳು: ಲೀನ್ ಆಟ, ಜಿಯೋಜಿಬ್ರಾ, ನೇರ ಪಾಠ

ಎನ್‌ಸಿಇಆರ್‌ಟಿ 2022ರಲ್ಲಿ 11ನೇ ತರಗತಿಯಿಂದ ಗಣಿತೀಯ ಅನುಗಮನವನ್ನೂ (ಇಂಡಕ್ಷನ್) ತರ್ಕದ ಅಧ್ಯಾಯವನ್ನೂ ಕೈಬಿಟ್ಟಿತು. ಸಾಧನೆ ಬರೆಯುವ ಅಭ್ಯಾಸ ಈಗ ಬಹುಮಟ್ಟಿಗೆ ಪಠ್ಯದ ಹೊರಗೇ ಆಗಬೇಕು. ಉಡುಪಿ, ಕಾರ್ಕಳ, ಹೆಬ್ರಿಯ ಪಿಯುಸಿ ಮಕ್ಕಳೊಂದಿಗೆ ಮಾಡಿ ನೋಡಿದ ಮೂರು ದಾರಿಗಳಿವು.

ಅನುಗಮನಕ್ಕೆ ‘ನ್ಯಾಚುರಲ್ ನಂಬರ್ ಗೇಮ್’ಗೆ ಸಾಟಿಯಿಲ್ಲ. ಸಾಧನೆಯ ಪ್ರತಿ ಹೆಜ್ಜೆಯನ್ನೂ ಪರೀಕ್ಷಿಸುವ ಲೀನ್ ತಂತ್ರಾಂಶದ ಮೇಲೆ ಕಟ್ಟಿದ ಉಚಿತ ಆಟ. ಅಲ್ಲಿ ಎನ್ + 0 = ಎನ್ ಎಂಬುದು ವ್ಯಾಖ್ಯೆಯಲ್ಲೇ ಇದೆ; 0 + ಎನ್ = ಎನ್ ಇಲ್ಲ. ‘ಎರಡೂ ಒಂದೇ ಅಲ್ವಾ ಸರ್?’ ಎಂದು ಕೇಳಿಯೇ ಕೇಳುತ್ತಾರೆ. ಕೂಡುವುದನ್ನು ಬಲಗಡೆಯ ಸಂಖ್ಯೆ ಹಿಡಿದು ವ್ಯಾಖ್ಯಾನಿಸಿರುವುದರಿಂದ ಎಡಗಡೆಯ ಸೊನ್ನೆಗೆ ಅನುಗಮನ ಬೇಕು. ‘ಇಂಡಕ್ಷನ್’ ಕೊಟ್ಟೊಡನೆ ಪರದೆಯಲ್ಲಿ ಎರಡು ಗುರಿಗಳು ಬರುತ್ತವೆ: ಸೊನ್ನೆಗೆ ಒಂದು, ಡಿ ಎಂಬ ಯಾವುದೋ ಸಂಖ್ಯೆಗೆ ನಿಜವೆಂದು ಹಿಡಿದು ಅದರ ಮುಂದಿನ ಸಂಖ್ಯೆಗೆ ಇನ್ನೊಂದು. ಆ ಊಹೆಯನ್ನು ಎಲ್ಲಿ ಬಳಸಿದೆವು ಎಂಬುದು ಬೋರ್ಡಿನಲ್ಲಿ ಇಷ್ಟು ನಿಚ್ಚಳವಾಗಿ ಕಾಣುವುದಿಲ್ಲ.

ಕೆಡುವುದು ಎಲ್ಲಿ? ಸಿಕ್ಕಿದ ಆಜ್ಞೆಗಳನ್ನೆಲ್ಲ ಒತ್ತಿ ಹಂತ ದಾಟುವ ಚಾಳಿ. ಪ್ರತಿ ಸಾಲಿಗೆ ಮೊದಲು ಗುರಿ ಏನಾಗುತ್ತದೆಂದು ಪುಸ್ತಕದಲ್ಲಿ ಬರೆಸಿ. ಆಡಿದ್ದು ಬ್ರೌಸರ್‌ನಲ್ಲೇ ಉಳಿಯುವುದರಿಂದ ಲ್ಯಾಬಿನಲ್ಲಿ ಕಂಪ್ಯೂಟರ್ ಬದಲಾದರೆ ಕಾಣುವುದಿಲ್ಲ. ಏಳುವ ಮೊದಲು ಡೌನ್‌ಲೋಡ್ ಮಾಡಿಸಿಕೊಳ್ಳಿ. ಮೊಬೈಲಿನಲ್ಲಿ ಚಿಹ್ನೆಗಳನ್ನು ಟೈಪ್ ಮಾಡುವುದು ಕಷ್ಟ.

ಆಕೃತಿ ಎಳೆದು ಅಳೆದು ನೋಡುವ ತಂತ್ರಾಂಶ ಜಿಯೋಜಿಬ್ರಾ ಊಹಿಸುವುದಕ್ಕಷ್ಟೇ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾದ ರೇಖೆ ಉಳಿದೆರಡನ್ನು ಒಂದೇ ಅನುಪಾತದಲ್ಲಿ ಕತ್ತರಿಸುತ್ತದೆ ಎನ್ನುವ ಥೇಲ್ಸ್ ಪ್ರಮೇಯದಲ್ಲಿ ಶೃಂಗ ಎಳೆದಂತೆಲ್ಲ ಎರಡು ಅನುಪಾತಗಳು ಸಮವಾಗಿ ಕಾಣುತ್ತವೆ, ಮಕ್ಕಳು ‘ಸಾಧಿಸಿದೆ’ ಎಂದು ಬರೆದುಬಿಡುತ್ತಾರೆ. ಜಿಯೋಜಿಬ್ರಾ ಮೊದಲಿಗೆ ತೋರಿಸುವುದೇ ಎರಡು ದಶಮಾಂಶ ಸ್ಥಾನ. ರೇಖೆ ತುಸು ಓರೆಯಾದರೂ 0.67, 0.67 ಎಂದೇ ಇರಬಹುದು. ದಶಮಾಂಶ ಸ್ಥಾನ ಹೆಚ್ಚಿಸಿ ತೋರಿಸಿ.

√2 ಅಭಾಗಲಬ್ಧ, ಅಂದರೆ ಪೂರ್ಣಾಂಕಗಳ ಭಿನ್ನರಾಶಿ ಪಿ/ಕ್ಯೂ ಆಗಿ ಬರೆಯಲಾಗದು ಎಂಬುದಕ್ಕೆ ನೇರ ಪಾಠವೇ ಆಗಬೇಕು: ಗೂಗಲ್ ಮೀಟ್‌ನಲ್ಲಿ ನಾಲ್ಕೇ ಮಕ್ಕಳು, ಎಲ್ಲರೂ ಬರೆಯಬಲ್ಲ ಒಂದೇ ಬೋರ್ಡು. ‘ಪಿ ವರ್ಗ ಸಮ, ಆದ್ದರಿಂದ ಪಿ ಸಮ’ ಎಂಬ ಸಾಲನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅದೇ ಸಾಧನೆಯನ್ನು √4ಕ್ಕೆ ಬರೆಯಲು ಹೇಳಿ. ‘4 ಪಿ ವರ್ಗವನ್ನು ಭಾಗಿಸುತ್ತದೆ, ಆದ್ದರಿಂದ ಪಿಯನ್ನೂ’ ಎಂದು ಸಲೀಸಾಗಿ ಬರೆದು √4 ಕೂಡ ಅಭಾಗಲಬ್ಧ ಎನ್ನುತ್ತಾರೆ! ಆಗ 6ನ್ನು ಮುಂದಿಡಿ: ಅದರ ವರ್ಗ 36ನ್ನು 4 ಭಾಗಿಸುತ್ತದೆ, 6ನ್ನು ಭಾಗಿಸುವುದಿಲ್ಲ. 2 ಅವಿಭಾಜ್ಯ ಸಂಖ್ಯೆ ಎಂಬುದು ಎಲ್ಲಿ ಬೇಕಾಯಿತೆಂದು ಅವರೇ ಹುಡುಕಲಿ. ಐದು ನಿಮಿಷ ಮಾತಾಡದೆ ಕಾಯಿರಿ.

ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ನೆಟ್‌ವರ್ಕ್ ಹೋದರೆ ಲೀನ್ ಆಟ ಸರ್ವರ್ ಸಿಗದೆ ನಿಲ್ಲುತ್ತದೆ, ಮೀಟೂ ನಿಲ್ಲುತ್ತದೆ. ಮೊದಲೇ ಇನ್‌ಸ್ಟಾಲ್ ಮಾಡಿಟ್ಟ ಜಿಯೋಜಿಬ್ರಾ ಮಾತ್ರ ನಡೆಯುತ್ತದೆ. ರೇಖಾಗಣಿತವನ್ನು ಆ ತಿಂಗಳಿಗೆ ಇಟ್ಟುಕೊಳ್ಳಿ.