ಸಿಂಗಲ್ ಕೋರ್ ಫೈಬರ್‌ನಲ್ಲಿ ಎರಡು ಕಡೆಯ ಮಾತು: ಕಪ್ಲರೋ, ಸರ್ಕ್ಯುಲೇಟರೋ, ಬೋಸಾನೋ?

ಒಂದೇ ಎಳೆ ಫೈಬರಿನಲ್ಲಿ ಸಿಗ್ನಲ್ ಹೋಗಲೂ ಬೇಕು, ಬರಲೂ ಬೇಕು ಅಂದರೆ ದಾರಿ ಈ ಮೂರು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬೋಸಾಗೆ (BOSA), ಅಂದರೆ ಕಳಿಸುವುದನ್ನೂ ಕೇಳುವುದನ್ನೂ ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ಮಾಡುವ ಬಿಡಿಭಾಗಕ್ಕೆ. ಹೋಗುವ ಬೆಳಕಿನ ತರಂಗಾಂತರ 1310 ನ್ಯಾನೋಮೀಟರ್, ಬರುವ ಬೆಳಕು 1550, ಎರಡನ್ನೂ ಬೇರ್ಪಡಿಸಲು ಒಳಗೆ 45 ಡಿಗ್ರಿಯಲ್ಲಿ ಕೂತ ಪುಟ್ಟ ಫಿಲ್ಟರ್. ಲೇಸರ್, ಡಿಟೆಕ್ಟರ್, ಫಿಲ್ಟರ್ ಮೂರೂ ಸೇರಿ ಬೆರಳ ತುದಿಯಷ್ಟು ಲೋಹದ ತುಂಡು, ಹೊರಗೆ ಒಂದೇ ಫೈಬರ್. ಮನೆಗೆ ಬರುವ ಫೈಬರ್ ಇಂಟರ್ನೆಟ್ಟಿನ ಡಬ್ಬಿಯಲ್ಲೂ ಇದೇ ಜಾತಿಯದೇ ಇರುತ್ತದೆ. ಅಲ್ಲಿ ಬರುವುದು 1490ರಲ್ಲಿ, ಅಷ್ಟೇ ವ್ಯತ್ಯಾಸ.

ಕೆಲಸ ಸಿದ್ದಾಪುರದ ಕಡೆಯ ಒಂದು ರೊಬಸ್ಟಾ ಕಾಫಿ ತೋಟದಲ್ಲಿ. ಬಂಗಲೆಯಿಂದ ಕೆರೆ ಪಂಪ್‌ಹೌಸಿಗೆ ಸುಮಾರು ಒಂದೂಕಾಲು ಕಿಲೋಮೀಟರ್. ಸಿಲ್ವರ್ ಓಕ್ ಮರಗಳಿಗೆ ಕಟ್ಟಿಕೊಂಡು ಹೋದ ಎರಡು ಕೋರಿನ, ಅಂದರೆ ಎರಡು ಗಾಜಿನ ಎಳೆಯ, ಫೈಬರ್ ಕೇಬಲ್ ಮುಂಚಿನಿಂದಲೂ ಇತ್ತು, ಒಂದು ಕೋರ್ ಕ್ಯಾಮರಾಗಳ ಪಾಲಾಗಿತ್ತು. ಉಳಿದ ಒಂದರಲ್ಲೇ ಮೋಟರ್ ಆನ್-ಆಫ್ ಹೋಗಬೇಕು, ಪ್ರೆಷರು ಮತ್ತು ಆಂಪ್ಸ್ ರೀಡಿಂಗ್ ವಾಪಸ್ ಬರಬೇಕು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ-ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಗಲೂ ರಾತ್ರಿ ಓಡಬೇಕು, ಆದರೆ ಕತ್ತಲಾದ ಮೇಲೆ ಆ ಕಡೆ ಆನೆ ಇರುತ್ತದೆ, ಯಾರೂ ಇಳಿಯುವುದಿಲ್ಲ. ತಾಮ್ರದ ತಂತಿ ಎಳೆಯುವ ಮಾತೇ ಇಲ್ಲ. ಏಪ್ರಿಲ್ ಗುಡುಗಿಗೆ ಎರಡೂ ಕಡೆಯ ಬೋರ್ಡು ಹೋಗುತ್ತದೆ.

ಅಗ್ಗದ ದಾರಿ ಕಪ್ಲರ್. ಎರಡೂ ಕಡೆ ಒಂದೇ ತರಹದ 1310ರ ಲೇಸರ್, ಒಂದೇ ತರಹದ ಡಿಟೆಕ್ಟರ್, ಅವೆರಡನ್ನೂ ಫೈಬರಿಗೆ ಸೇರಿಸಲು ಬೆಳಕನ್ನು ಅರ್ಧರ್ಧ ಹಂಚುವ 50:50 ಕಪ್ಲರ್. ಹೋಗುವಾಗ ಅರ್ಧ ಬೆಳಕು, ಬರುವಾಗ ಉಳಿದದ್ದರಲ್ಲಿ ಅರ್ಧ ನಷ್ಟ. ಇಷ್ಟು ಹತ್ತಿರಕ್ಕೆ ಅದು ಲೆಕ್ಕಕ್ಕಿಲ್ಲ. ಎರಡೂ ಡಬ್ಬಿ ಒಂದೇ ತರಹ, ಸ್ಪೇರ್ ಒಂದಿದ್ದರೆ ಸಾಕು. ಮೇಜಿನ ಮೇಲೆ ಚೆಂದ ಓಡಿತು, ತೋಟದಲ್ಲೂ ಓಡಿತು, ಕೇಬಲ್ ಕೈಕೊಡುವ ತನಕ.

ಒಂದು ರಾತ್ರಿ ಒಣ ಕೊಂಬೆ ಬಿದ್ದು ಕೇಬಲ್ ಜಗ್ಗಿ, ಪಂಪ್‌ಹೌಸಿನಲ್ಲಿ ಫೈಬರ್ ತುದಿಯ ಎಸ್‌ಸಿ ಪ್ಲಗ್ ಅಡಾಪ್ಟರಿನಿಂದ ಜಾರಿ ಹೊರಗೆ ನೇತಾಡುತ್ತಿತ್ತು. ಲಿಂಕ್ ಸತ್ತಿದೆ ಎಂದು ಕೆಂಪು ದೀಪ ಬರಬೇಕಿತ್ತು. ಬಂತಾ? ಹಸಿರೇ ಉರಿಯುತ್ತಿತ್ತು. ಮೋಟರ್ ಆನ್ ಕೊಟ್ಟರೆ ಸ್ಕ್ರೀನಿನಲ್ಲಿ ಆನ್. ಬೆಳಗಿನ ಜಾವ ತೋಟದ ಲೆಕ್ಕ ನೋಡುವ ರೈಟರ್ ಫೋನು: "ಅಣ್ಣಾ, ಇಲ್ಲಿ ಆನ್ ಅಂತ ತೋರಿಸ್ತದೆ, ಸ್ಪ್ರಿಂಕ್ಲರ್ ಜೆಟ್‌ನಲ್ಲಿ ಹನಿ ನೀರಿಲ್ಲ."

ಇದರ ಒಳಗುಟ್ಟು ನೋಡಿ. ಗಾಳಿಗೆ ತೆರೆದ ಗಾಜಿನ ನುಣುಪು ತುದಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ, ಅಂದರೆ 14 ಡಿಬಿ ಕಡಿಮೆ (ಡಿಬಿ ಬೆಳಕಿನ ನಷ್ಟದ ಅಳತೆ, 3 ಡಿಬಿ ಅಂದರೆ ಅರ್ಧ). ನನ್ನ ಲೇಸರಿನ ಬಲ ಮೈನಸ್ 5 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ). ಕಪ್ಲರಿನಲ್ಲಿ ಹೋಗುವಾಗ ಮೂರೂವರೆ, ಬರುವಾಗ ಮೂರೂವರೆ, ಫೈಬರಿನಲ್ಲಿ ಹೋಗಿ ಬರಲು ಒಂದು ಡಿಬಿಗಿಂತ ಕಡಿಮೆ. ಎಲ್ಲ ಕಳೆದರೂ ಸುಮಾರು ಮೈನಸ್ 27 ವಾಪಸ್ ಬಂತು. ರಿಸೀವರ್ ಮೈನಸ್ 34ರ ತನಕ ಕೇಳಿಸಿಕೊಳ್ಳುತ್ತದೆ. ಬಾವಿಗೆ ಬಗ್ಗಿ ಕೂಗಿ, ಒಳಗಿನಿಂದ ಯಾರೋ ಓಗೊಟ್ಟರು ಅಂದುಕೊಂಡ ಹಾಗೆ ಆಯಿತು ಡಬ್ಬಿಯ ಕತೆ.

ಬರೀ ಲಿಂಕ್ ದೀಪವಾದರೆ ಹೋಗಲಿ ಅನ್ನಬಹುದಿತ್ತು. ಪಂಪ್ ಪ್ಯಾನಲ್ ಮಾತಾಡುವುದು ಮಾಡ್‌ಬಸ್ ಅನ್ನುವ ಯಂತ್ರಗಳ ಭಾಷೆಯಲ್ಲಿ. ಅದರ 05ನೇ ಫಂಕ್ಷನ್, ಅಂದರೆ ಒಂದು ಕಾಯಿಲ್ (ಸ್ವಿಚ್ ಅನ್ನಿ) ಆನ್ ಮಾಡುವ ಆಜ್ಞೆ, ಸರಿಯಾಗಿ ನಡೆದರೆ ಆ ಕಡೆಯಿಂದ ಬರಬೇಕಾದ ಉತ್ತರ ಕಳಿಸಿದ ಆಜ್ಞೆಯ ಅಕ್ಷರಶಃ ನಕಲು. ನಮ್ಮದೇ ಬೆಳಕು ತಿರುಗಿ ಬಂದು, ತಪ್ಪು ಹಿಡಿಯುವ ಸಿಆರ್‌ಸಿ ಸಂಖ್ಯೆ ಸಮೇತ ಪಕ್ಕಾ ಉತ್ತರವಾಗಿ ಕೂತಿತು! ರೀಡಿಂಗ್ ಕೇಳಿದಾಗ ಎರರ್ ಬರುತ್ತಿತ್ತು ನಿಜ, ಆದರೆ ರಾತ್ರಿ ನಿದ್ದೆಗಣ್ಣಲ್ಲಿ ಯಾರು ನೋಡುತ್ತಾರೆ? ಹಸಿರು ಕಂಡರೆ ಮಲಗುತ್ತಾರೆ.

ಇದಕ್ಕೆ ಮದ್ದಿಲ್ಲ ಅಂತಲ್ಲ. ಕಳಿಸುವಾಗ ರಿಸೀವರ್ ಮುಚ್ಚಿಡಬಹುದು. ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್, ಹೋಗಿ ಬರಲು ಹತ್ತು ಹದಿಮೂರು, ಅಷ್ಟರೊಳಗೆ ಪ್ರತಿಧ್ವನಿ ಬಂದು ಮುಗಿದಿರುತ್ತದೆ. ಹಾಗೆ ಮಾಡಿದರೆ ಒಬ್ಬರಾದ ಮೇಲೆ ಒಬ್ಬರು ಮಾತಾಡಬೇಕು, ಎರಡು ಕಡೆಯೂ ಒಟ್ಟಿಗೆ ಅನ್ನುವ ಸುಖ ಹೋಯಿತು. ಹಸಿರು ಎಪಿಸಿ ಕನೆಕ್ಟರ್ ಹಾಕಿ ಅಂದವರೂ ಇದ್ದಾರೆ. ಅದರ ಮೂತಿ 8 ಡಿಗ್ರಿ ಓರೆ, ವಾಪಸ್ ಬರುವ ಬೆಳಕು ಪಕ್ಕಕ್ಕೆ ಹೋಗಿಬಿಡುತ್ತದೆ. ಒಳ್ಳೆಯದೇ. ಆದರೆ ಕೊಂಬೆ ಬಿದ್ದು ಮಧ್ಯದಲ್ಲೇ ತುಂಡಾದ ಫೈಬರಿಗೆ ಓರೆ ಮೂತಿ ಯಾರು ಮಾಡಿಕೊಡುತ್ತಾರೆ? ಅದೂ ಅಲ್ಲದೆ ಹಳೆಯ ಕೇಬಲಿನ ತುದಿಗಳೆಲ್ಲ ಓರೆಯಿಲ್ಲದ ನೀಲಿ ಯುಪಿಸಿ. ನೀಲಿಗೆ ಹಸಿರು ಸಿಕ್ಕಿಸಿದರೆ ನಡುವೆ ಸಂದು ಉಳಿದು ಇದ್ದ ಬೆಳಕೂ ಹಾಳು.

ಸರ್ಕ್ಯುಲೇಟರ್, ಅಂದರೆ ಒಂದು ಬಾಗಿಲಿಗೆ ಬಂದ ಬೆಳಕನ್ನು ಮುಂದಿನ ಬಾಗಿಲಿಗೆ ಮಾತ್ರ ದಾಟಿಸುವ ತುಂಡು, ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪರಿಚಯದವರಿಂದ ಎರವಲು ತಂದು ಹಾಕಿ ನೋಡಿದೆ. ಕಪ್ಲರಿನಷ್ಟು ಬೆಳಕು ತಿನ್ನುವುದಿಲ್ಲ, ಆದರೆ ತುದಿಯಿಂದ ತಿರುಗಿ ಬಂದದ್ದನ್ನೂ ಆಚೆಯಿಂದ ನಿಜವಾಗಿ ಬಂದದ್ದನ್ನೂ ಒಂದೇ ಬಾಗಿಲಿಗೆ ಕಳಿಸುತ್ತದೆ. ರೋಗ ಹಾಗೇ ಉಳಿಯಿತು, ಬಿಲ್ ಮಾತ್ರ ಹಲವು ಪಟ್ಟು.

ಬೋಸಾ ಹಾಕಿದ ಮೇಲೆ ಅದೇ ಪ್ಲಗ್ ಬೇಕಂತಲೇ ಕಿತ್ತು ನೋಡಿದೆ. ದೀಪ ತಕ್ಷಣ ಕೆಂಪು. ತಿರುಗಿ ಬಂದದ್ದು 1310, ಡಿಟೆಕ್ಟರಿಗೆ ಫಿಲ್ಟರ್ ಬಿಡುವುದು 1550 ಮಾತ್ರ. ನನಗೆ ಬೇಕಾದದ್ದು ಇಷ್ಟೇ.

ಕಿರಿಕಿರಿ ಇದರಲ್ಲೂ ಇದೆ. 1310 ಕಳಿಸುವ ಎ ಡಬ್ಬಿಗೆ 1550 ಕಳಿಸುವ ಬಿ ಡಬ್ಬಿಯೇ ಜೋಡಿ, ಎರಡು ಎ ಸೇರಿದರೆ ಮೂಕರ ಸಂತೆ. ಹಾಗಾಗಿ ಸ್ಪೇರ್ ಎರಡು ಬೇಕು. ಇನ್ನೊಂದು, 1550ಕ್ಕೆ ಬಾಗು ಆಗಿಬರುವುದಿಲ್ಲ. ಕೆಲಸದವರು ಮಿಕ್ಕ ಕೇಬಲನ್ನು ಮುಷ್ಟಿಯಷ್ಟು ಸುತ್ತಿ ಮರಕ್ಕೆ ಬಿಗಿದ ಕಡೆ ಬಂಗಲೆಯಿಂದ ಹೋಗುವ 1310 ಸರಾಗವಾಗಿ ಹೋಗುತ್ತಿತ್ತು, ಪಂಪ್‌ಹೌಸಿನಿಂದ ಬರುವುದು ಸೊರಗಿತ್ತು. ಸುತ್ತು ದೊಡ್ಡದು ಮಾಡಿದ ಮೇಲೆ ಸರಿಹೋಯಿತು. ಈಗ ಒಂದೇ ದಿಕ್ಕು ಕುಂಟಿದರೆ ನಾನು ಮೊದಲು ನೋಡುವುದು ಮರದ ಕಟ್ಟುಗಳನ್ನೇ.

ಸ್ವಂತ ಬೋರ್ಡು ಮಾಡುವವರಿಗೆ ಒಂದು ಮಾತು. 9600 ಬಾಡ್ ಸೀರಿಯಲ್ಲನ್ನು ಲೇಸರಿಗೆ ನೇರ ಕೊಡಬೇಡಿ, ಇಂಥ ರಿಸೀವರುಗಳು ತುಂಬಾ ಹೊತ್ತು ಒಂದೇ ಮಟ್ಟದಲ್ಲಿ ನಿಂತ ಸಿಗ್ನಲನ್ನು ಮರೆತುಬಿಡುತ್ತವೆ. ಮೈಕ್ರೋಕಂಟ್ರೋಲರಿನಲ್ಲಿ ಮ್ಯಾಂಚೆಸ್ಟರ್ ಕೋಡಿಂಗ್ (ಪ್ರತಿ ಬಿಟ್ಟಿನಲ್ಲೂ ಮಟ್ಟ ಬದಲಾಗುವ ರೀತಿ) ಮಾಡಿ ಕಳಿಸಿ. ಬೆಸುಗೆ ಬೇಡ ಅನ್ನುವವರು ಇದೇ ತತ್ವದ ಬೈಡೈ (ಒಂದೇ ಫೈಬರಿನಲ್ಲಿ ಎರಡೂ ದಿಕ್ಕಿನ) ಮೀಡಿಯಾ ಕನ್ವರ್ಟರ್, ಅಂದರೆ ಫೈಬರನ್ನು ಈಥರ್ನೆಟ್ಟಿಗೆ ತಿರುಗಿಸುವ ಡಬ್ಬಿ, ಅದರ ಜೋಡಿ ತಂದು, ಮುಂದೆ ಸೀರಿಯಲ್-ಈಥರ್ನೆಟ್ ಬೋರ್ಡು ಇಟ್ಟುಕೊಳ್ಳಬಹುದು. ನನ್ನ ಬಜೆಟ್ಟಿಗೆ, ಜೊತೆಗೆ ಡಬ್ಬಿ ಬಿಚ್ಚಿ ನೋಡದೆ ಇರಲಾರದ ನನ್ನ ಚಟಕ್ಕೆ, ಬಿಡಿ ಬೋಸಾನೇ ಒಗ್ಗಿತು. ಕಪ್ಲರುಗಳು ಡ್ರಾಯರಿನಲ್ಲಿವೆ, ಕಾಲೇಜು ಹುಡುಗರು ಪ್ರಾಜೆಕ್ಟಿಗೆ ಕೇಳಿದರೆ ಕೊಡುತ್ತೇನೆ.

ಯಾವುದನ್ನೇ ಹಾಕಿ, ಕೇಬಲಿನ ಜೊತೆ ಬರುವ ಉಕ್ಕಿನ ತಂತಿಯನ್ನು ಹೊರಗಿನ ಕಂಬದಲ್ಲೇ ಕತ್ತರಿಸಿ ನಿಲ್ಲಿಸಿ, ಒಳಗೆ ಬರೀ ಫೈಬರ್ ಬರಲಿ. ಗಾಜಿಗೆ ಸಿಡಿಲಿನ ಭಯವಿಲ್ಲ, ಉಕ್ಕಿಗೆ ಇದೆ.